ಶರತ್ಕಾಲದ ಚಿತ್ರಪಾಠಕ್ಕೆ ಬೂದು ಬಣ್ಣವೂ ಬೇಕು

ಮಾನ್ಯ ಸಂಪಾದಕರೇ,

ಚಿತ್ರಕಲೆಯನ್ನು ಹೊಸದಾಗಿ ಕಲಿಯುವವರಿಗಾಗಿ ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಹಂತ ಹಂತದ ಪಾಠಗಳಿಗೆ ಜಾಗ ಕೊಡುತ್ತಿರುವುದು ಸಂತೋಷದ ಸಂಗತಿ. ಅಕ್ರಿಲಿಕ್ ಬಣ್ಣದಲ್ಲಿ ಶರತ್ಕಾಲದ ದೃಶ್ಯ ಬಿಡಿಸುವುದು ಇಂಥ ಪಾಠಗಳಲ್ಲಿ ಮತ್ತೆ ಮತ್ತೆ ಬರುವ ವಿಷಯ. ಬಹಳ ವರ್ಷಗಳಿಂದ ಆರಂಭಿಕರಿಗೆ ಚಿತ್ರಕಲೆ ಹೇಳಿಕೊಡುತ್ತಿರುವ ನನಗೆ, ಅವರ ಕಲಿಕೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಗುವುದು ಕಷ್ಟ ಎನ್ನಿಸಿದೆ. ಆದರೆ ಈ ವಿಷಯವನ್ನು ಎಲ್ಲೆಡೆ ಕಲಿಸಲಾಗುತ್ತಿರುವ ರೀತಿಯ ಬಗ್ಗೆ ನನ್ನದೊಂದು ತಕರಾರಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿರುವುದರಿಂದ ಈ ಪತ್ರ ದೀರ್ಘವಾಗಿದೆ. ದಯವಿಟ್ಟು ಪೂರ್ತಿಯಾಗಿ ಓದಬೇಕೆಂದು ಕೋರುತ್ತೇನೆ.

ಸಾಮಾನ್ಯವಾಗಿ ಆ ಪಾಠ ಹೀಗಿರುತ್ತದೆ. ಹಾಳೆಯ ತುಂಬ ತಿಳಿನೀಲಿ ಬಳಿಯಬೇಕು. ಅದರ ಮೇಲೆ ಕಪ್ಪಿನಲ್ಲಿ ಒಂದು ಕಾಂಡ, ಕಾಂಡದಿಂದ ಕವಲೊಡೆದ ನಾಲ್ಕಾರು ಕೊಂಬೆ ಎಳೆಯಬೇಕು. ಬಳಿಕ ಸ್ಪಂಜಿನ ತುಂಡನ್ನು ಕೆಂಪು, ಕಿತ್ತಳೆ, ಹಳದಿಗಳಲ್ಲಿ ಸರದಿಯಂತೆ ಅದ್ದಿ ಕೊಂಬೆಗಳ ಸುತ್ತ ಒತ್ತುತ್ತ ಹೋಗಬೇಕು. ಕಡೆಗೆ ಬುಡದಲ್ಲಿ ಅದೇ ಬಣ್ಣಗಳ ಚುಕ್ಕೆಗಳನ್ನಿಟ್ಟರೆ ಉದುರಿದ ಎಲೆಗಳೂ ಆದವು. ಅರ್ಧ ಗಂಟೆಯಲ್ಲಿ ಚಿತ್ರ ಸಿದ್ಧವಾಗುತ್ತದೆ, ಮನೆಯವರು ಮೆಚ್ಚುತ್ತಾರೆ, ಕಲಿಯುವವರಿಗೆ ಹುರುಪು ಬರುತ್ತದೆ. ಆ ಹುರುಪನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊದಲ ಚಿತ್ರ ಕೈಗೂಡಿದ ಖುಷಿಯಿಲ್ಲದೆ ಯಾರೂ ಎರಡನೆಯ ಚಿತ್ರಕ್ಕೆ ಕೈಹಾಕುವುದಿಲ್ಲ. ತೊಂದರೆ ಎದುರಾಗುವುದು ಆ ಎರಡನೆಯ ಚಿತ್ರದಲ್ಲಿ. ಅದೇ ವ್ಯಕ್ತಿ ತಾನೇ ತೆಗೆದ ಛಾಯಾಚಿತ್ರವನ್ನೋ, ಕಿಟಕಿಯಾಚೆ ನಿಂತ ನಿಜವಾದ ಮರವನ್ನೋ ಎದುರಿಗಿಟ್ಟುಕೊಂಡು ಬಿಡಿಸಲು ಕೂತಾಗ, ಪಾಠದಲ್ಲಿ ಕಲಿತದ್ದು ಯಾವುದೂ ನೆರವಿಗೆ ಬರುವುದಿಲ್ಲ. ಎದುರಿಗಿರುವ ಮರದಲ್ಲಿ ಕೆಂಪು, ಕಿತ್ತಳೆ, ಹಳದಿಗಳ ಜೊತೆಗೆ ಮಾಸಲು ಹಸಿರಿದೆ, ಕಂದು ಬಣ್ಣವಿದೆ, ನೇರಳೆ ನೆರಳಿದೆ, ಎಲೆಗಳ ನಡುವೆ ಇಣುಕುವ ಬೂದು ಆಕಾಶವಿದೆ. ಕೈಯಲ್ಲಿ ಮಾತ್ರ ಮೂರು ಬಣ್ಣದ ಸ್ಪಂಜು ಇದೆ. ತನಗೆ ಚಿತ್ರಕಲೆ ಒಲಿಯದು ಎಂದು ಹಲವರು ಕುಂಚ ಕೆಳಗಿಡುವುದನ್ನು ನಾನು ಕಂಡಿರುವುದು ಈ ಘಟ್ಟದಲ್ಲೇ. ಅವರ ಕೈಯಲ್ಲಿ ಕೊರತೆಯಿರಲಿಲ್ಲ. ನೋಡುವುದನ್ನು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಶರತ್ಕಾಲದ ಮರವನ್ನು ನೋಡುವುದೆಂದರೆ ಮೊದಲಿಗೆ ಅಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯುವುದು. ಹಗಲು ಕಿರಿದಾಗಿ ತಂಪು ಏರುತ್ತಿದ್ದಂತೆ ಮರವು ಎಲೆಗಳಲ್ಲಿ ಹಸಿರು ಕೊಡುವ ಪತ್ರಹರಿತ್ತನ್ನು ಹೊಸದಾಗಿ ತಯಾರಿಸುವುದನ್ನು ನಿಲ್ಲಿಸುತ್ತದೆ; ಇದ್ದದ್ದು ಒಡೆದು ಕರಗಿದಂತೆ, ಅಲ್ಲಿಯವರೆಗೆ ಅದರ ಹಿಂದೆ ಮರೆಯಾಗಿದ್ದ ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯಗಳ ಹಳದಿ ಮತ್ತು ಕಿತ್ತಳೆ ಹೊರಗೆ ಕಾಣಿಸಿಕೊಳ್ಳುತ್ತವೆ. ಕೆಂಪಿನ ಕಥೆ ಬೇರೆ. ಅದನ್ನು ಕೊಡುವ ಆಂಥೊಸಯನಿನ್ ಬಹುಮಟ್ಟಿಗೆ ಆ ಕಾಲದಲ್ಲೇ, ಎಲೆಯಲ್ಲಿ ಉಳಿದ ಸಕ್ಕರೆಯಿಂದ ಹೊಸದಾಗಿ ಹುಟ್ಟುತ್ತದೆ, ಮತ್ತು ಅದಕ್ಕೆ ಬಿಸಿಲು ಬೇಕು. ಆದ್ದರಿಂದಲೇ ಒಂದೇ ಮೇಪಲ್ ಮರದಲ್ಲಿ ಬಿಸಿಲಿಗೆ ಒಡ್ಡಿಕೊಂಡ ಹೊರಗಿನ ಎಲೆಗಳು ಕೆಂಪೇರಿ, ಒಳಗಿನ ನೆರಳಿನ ಎಲೆಗಳು ಹಳದಿಯಾಗಿಯೋ ಇನ್ನೂ ಹಸಿರಾಗಿಯೋ ಉಳಿಯುವುದುಂಟು. ಓಕ್ ಮರದ ಎಲೆಗಳು ಟ್ಯಾನಿನ್ ಎಂಬ ಒಗರು ದ್ರವ್ಯದಿಂದಾಗಿ ಕಂದು ಬಣ್ಣಕ್ಕೆ ತಿರುಗುತ್ತವೆ. ಪೈನ್, ಸ್ಪ್ರೂಸ್‌ಗಳು ಕಡುಹಸಿರಾಗಿಯೇ ನಿಂತಿರುತ್ತವೆ. ಇದೆಲ್ಲ ಸಸ್ಯಶಾಸ್ತ್ರದ ಪಾಠವಾಯಿತೆಂದು ಯಾರೂ ಭಾವಿಸಬಾರದು. ಕೆಂಪು ಹೊರಗೆ, ಹಳದಿ ಒಳಗೆ, ಹಸಿರು ಇನ್ನೂ ಒಳಗೆ ಎಂಬ ಈ ಒಂದು ತಿಳಿವಳಿಕೆಯಿಂದಲೇ ಆರಂಭಿಕನ ಮರಕ್ಕೆ ದುಂಡಗಿನ ಆಕಾರ ಬರುತ್ತದೆ. ಸ್ಪಂಜಿನಿಂದ ಮನಬಂದಂತೆ ಒತ್ತಿದ ಮೂರು ಬಣ್ಣಗಳಿಂದ ಅದು ಬರುವುದಿಲ್ಲ. ಒಂದು ಎಲೆಯನ್ನೇ ಕೈಯಲ್ಲಿ ಹಿಡಿದು ನೋಡಿದರೂ ಸಾಕು: ನರಗಳ ಉದ್ದಕ್ಕೆ ಹಸಿರು ಇನ್ನೂ ಉಳಿದಿರುತ್ತದೆ, ನರಗಳ ನಡುವಿನ ಜಾಗ ಹಳದಿಯಾಗಿರುತ್ತದೆ, ಅಂಚು ಒಣಗಿ ಕಂದಾಗಿ ಒಳಮುಖವಾಗಿ ಸುರುಳಿ ತಿರುಗಿರುತ್ತದೆ. ಅಂಗೈಯಗಲದ ಆ ಜಾಗದಲ್ಲಿ ಶುದ್ಧ ಕಿತ್ತಳೆ ಎಷ್ಟಿದೆ ಎಂದು ಹುಡುಕಿದರೆ ಬಹಳ ಸ್ವಲ್ಪ ಸಿಗುತ್ತದೆ.

ದೊಡ್ಡ ಕಲಾವಿದರು ಈ ಕಾಲವನ್ನು ಹೇಗೆ ಕಂಡರು ಎನ್ನುವುದನ್ನೂ ಪಾಠಗಳಲ್ಲಿ ಒಮ್ಮೆಯಾದರೂ ತೋರಿಸಬೇಕು. ರಷ್ಯಾದ ಐಸಾಕ್ ಲೆವಿಟಾನ್ 1895ರಲ್ಲಿ ಬರೆದ ‘ಚಿನ್ನದ ಶರತ್ಕಾಲ’ ಎಂಬ ಚಿತ್ರ ಮಾಸ್ಕೋದ ಟ್ರೆಟ್ಯಾಕೊವ್ ಗ್ಯಾಲರಿಯಲ್ಲಿದೆ. ಹೆಸರಿನಲ್ಲೇ ಚಿನ್ನವಿದ್ದರೂ ಆ ಕ್ಯಾನ್ವಾಸಿನ ಬಹುಭಾಗವನ್ನು ತುಂಬಿರುವುದು ಮೋಡ ಹರಡಿದ ಆಕಾಶ, ಕಡುನೀಲಿಯ ಕಿರುನದಿ, ದೂರದ ಹಸಿರು ಹೊಲ ಮತ್ತು ಮಾಸಲು ಹುಲ್ಲು. ಬರ್ಚ್ ಮರಗಳ ಹಳದಿ ಅಷ್ಟು ಉಜ್ವಲವಾಗಿ ಕಾಣುವುದು ಆ ನೀಲಿ ಪಕ್ಕದಲ್ಲಿರುವ ಕಾರಣಕ್ಕೆ. ಒಂದು ಬಣ್ಣದ ಪಕ್ಕದಲ್ಲಿ ಅದರ ವಿರುದ್ಧ ಬಣ್ಣವನ್ನಿಟ್ಟರೆ ಎರಡೂ ಹೆಚ್ಚು ತೀವ್ರವಾಗಿ ಕಾಣುತ್ತವೆ ಎನ್ನುವುದನ್ನು ಫ್ರೆಂಚ್ ರಸಾಯನವಿಜ್ಞಾನಿ ಷೆವ್ರಲ್ 1839ರಲ್ಲೇ ವಿವರಿಸಿದ್ದರು. ಕೆನಡಾದ ಟಾಮ್ ಥಾಮ್ಸನ್ ಆಲ್ಗಾಂಕ್ವಿನ್ ಉದ್ಯಾನದ ಕಾಡಿನಲ್ಲಿ ಕುಳಿತು, ಸುಮಾರು 21 ಸೆಂಟಿಮೀಟರ್ ಎತ್ತರ ಮತ್ತು 27 ಸೆಂಟಿಮೀಟರ್ ಅಗಲದ ಪುಟ್ಟ ಹಲಗೆಗಳ ಮೇಲೆ ಶರತ್ಕಾಲವನ್ನು ಬಿಡಿಸುತ್ತಿದ್ದರು. 1917ರಲ್ಲಿ ಅವರು ತೀರಿಕೊಂಡರು. ಅವರ ಸ್ನೇಹಿತರು 1920ರಲ್ಲಿ ‘ಗ್ರೂಪ್ ಆಫ್ ಸೆವೆನ್’ ಎಂಬ ಹೆಸರಿನಲ್ಲಿ ಆ ದಾರಿಯನ್ನು ಮುಂದುವರಿಸಿದರು. ಥಾಮ್ಸನ್ ಅವರ ಪುಟ್ಟ ಹಲಗೆಗಳಲ್ಲಿ ಕೆಂಪು, ಕಿತ್ತಳೆಗಳು ಉರಿಯುತ್ತವೆ ನಿಜ, ಆದರೆ ಅವುಗಳ ಹಿಂದೆ ಗಾಢ ನೇರಳೆಯ ಬೆಟ್ಟವೋ, ಕಪ್ಪಿಗೆ ಹತ್ತಿರದ ಹಸಿರು ಮರಗಳ ಸಾಲೋ ಇದ್ದೇ ಇರುತ್ತದೆ. ಇವರಿಬ್ಬರೂ ಬಳಸಿದ್ದು ತೈಲವರ್ಣ; ನೀರಿನಲ್ಲಿ ಬೆರೆಯುವ ಅಕ್ರಿಲಿಕ್ ಬಣ್ಣ ಕಲಾವಿದರ ಕೈಗೆ ಬಂದದ್ದು 1950ರ ದಶಕದಲ್ಲಿ. ಹಾಗಾಗಿ ಅವರ ಕುಂಚದ ನಡೆಯನ್ನು ಅಕ್ರಿಲಿಕ್‌ನಲ್ಲಿ ಹಾಗೆಯೇ ಅನುಸರಿಸಲಾಗದು. ಅವರ ನೋಟವನ್ನು ಧಾರಾಳವಾಗಿ ಎರವಲು ಪಡೆಯಬಹುದು.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಬಣ್ಣಕ್ಕೆ ಹೆಸರಿರುವಂತೆ ತೂಕವೂ ಇದೆ. ಅಂದರೆ ಅದು ಎಷ್ಟು ತಿಳಿ, ಎಷ್ಟು ಗಾಢ ಎನ್ನುವ ಗುಣ. ಕಲಾಶಾಲೆಗಳಲ್ಲಿ ಇದನ್ನು ಟೋನ್ ಎನ್ನುತ್ತಾರೆ. ಹಳದಿ ಸ್ವಭಾವತಃ ತಿಳಿ, ಕಿತ್ತಳೆ ಮಧ್ಯಮ, ಕೆಂಪು ಸಾಕಷ್ಟು ಗಾಢ. ಕೆಂಪು ಮೇಪಲ್ ಮತ್ತು ಅದರ ಹಿಂದಿನ ಹಸಿರು ಮರ ಬಣ್ಣದಲ್ಲಿ ಪರಸ್ಪರ ವಿರುದ್ಧವಾಗಿದ್ದರೂ, ಆ ದೃಶ್ಯದ ಕಪ್ಪು-ಬಿಳುಪು ಛಾಯಾಚಿತ್ರ ತೆಗೆದರೆ ಎರಡೂ ಹೆಚ್ಚುಕಡಿಮೆ ಒಂದೇ ಬೂದಾಗಿ ಬೆರೆತುಹೋಗುವುದುಂಟು. ಆರಂಭಿಕರ ಶರತ್ಕಾಲದ ಚಿತ್ರ ಬಣ್ಣದಿಂದ ತುಂಬಿದ್ದೂ ಸಪ್ಪೆಯಾಗಿ ಕಾಣುವುದಕ್ಕೆ ಬಹಳ ಸಲ ಇದೇ ಕಾರಣ: ಕಿತ್ತಳೆ ಮರ, ಕಿತ್ತಳೆ ನೆಲ, ಕಿತ್ತಳೆ ಹೊದರು, ಎಲ್ಲವೂ ಒಂದೇ ತೂಕ. ನನ್ನ ತರಗತಿಯಲ್ಲಿ ಬಣ್ಣದ ಟ್ಯೂಬ್ ತೆರೆಯುವ ಮೊದಲು, ಅಂಗೈಯಗಲದ ಒಂದು ಚೌಕದಲ್ಲಿ ಪೆನ್ಸಿಲಿನಿಂದ ಮೂರೇ ಛಾಯೆಗಳಲ್ಲಿ ದೃಶ್ಯವನ್ನು ಗುರುತಿಸಲು ಹೇಳುತ್ತೇನೆ: ಬಿಳಿ ಬಿಟ್ಟ ಜಾಗ, ಮಧ್ಯಮ ಬೂದು, ಗಾಢ. ಕಣ್ಣನ್ನು ಅರೆಮುಚ್ಚಿ ನೋಡಿದರೆ ವಿವರಗಳೆಲ್ಲ ಅಳಿಸಿ ಈ ಮೂರು ಮಾತ್ರ ಉಳಿಯುತ್ತವೆ. ಐದು ನಿಮಿಷದ ಈ ಕೆಲಸವನ್ನು ಬಿಟ್ಟು ನೇರವಾಗಿ ಬಣ್ಣಕ್ಕೆ ಇಳಿಯುವ ಪಾಠವನ್ನು ನಾನು ಅಪೂರ್ಣ ಪಾಠವೆಂದೇ ಪರಿಗಣಿಸುತ್ತೇನೆ.

ಬಣ್ಣಗಳ ಪಟ್ಟಿಯೂ ಪಾಠಗಳಲ್ಲಿ ಅನಗತ್ಯವಾಗಿ ಬೆಳೆದಿರುತ್ತದೆ. ಶರತ್ಕಾಲದ ದೃಶ್ಯಕ್ಕೆ ಆರು ಟ್ಯೂಬ್ ಸಾಕು: ಟೈಟೇನಿಯಂ ವೈಟ್, ಕ್ಯಾಡ್ಮಿಯಂ ಯೆಲ್ಲೊ, ಯೆಲ್ಲೊ ಓಕರ್ (ಮಣ್ಣಿನ ಮಾಸಲು ಹಳದಿ), ಬರ್ಂಟ್ ಸಿಯೆನ್ನಾ (ಕೆಂಪು ಬೆರೆತ ಕಂದು), ಅಲ್ಟ್ರಾಮರೀನ್ ಬ್ಲೂ (ಗಾಢ ನೀಲಿ), ಮತ್ತು ಕ್ವಿನಾಕ್ರಿಡೋನ್ ಜಾತಿಯ ತಂಪು ಕೆಂಪು. ಕಪ್ಪು ಟ್ಯೂಬ್ ಬೇಡ. ಅಲ್ಟ್ರಾಮರೀನ್ ಮತ್ತು ಬರ್ಂಟ್ ಸಿಯೆನ್ನಾ ಸೇರಿಸಿದರೆ ಕಪ್ಪಿಗೆ ತೀರ ಹತ್ತಿರದ ಗಾಢವರ್ಣ ಬರುತ್ತದೆ. ಅದಕ್ಕೆ ಬಿಳಿ ಬೆರೆಸುತ್ತ ಹೋದರೆ ಬೂದಿನ ಇಡೀ ಸಾಲೇ ಸಿಗುತ್ತದೆ. ನೀಲಿ ಹೆಚ್ಚಾದರೆ ತಂಪು ಬೂದು, ಸಿಯೆನ್ನಾ ಹೆಚ್ಚಾದರೆ ಬೆಚ್ಚನೆಯ ಬೂದು. ಕಾಂಡದ ಬಿಸಿಲ ಮಗ್ಗುಲಿಗೆ ಎರಡನೆಯದು, ನೆರಳ ಮಗ್ಗುಲಿಗೆ ಮೊದಲನೆಯದು. ಟ್ಯೂಬಿನ ಕಪ್ಪಿನಲ್ಲಿ ಎಳೆದ ಕಾಂಡ ಚಿತ್ರದಿಂದ ಬೇರೆಯಾಗಿ ನಿಲ್ಲುವುದಕ್ಕೂ, ಹೀಗೆ ಬೆರೆಸಿದ ಬೂದಿನ ಕಾಂಡ ಮರದೊಳಗೆ ಸೇರಿಕೊಳ್ಳುವುದಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳು ಕೂಡ ತಕ್ಷಣ ಗುರುತಿಸುತ್ತಾರೆ. ಯೆಲ್ಲೊ ಓಕರ್‌ಗೆ ಚಿಟಿಕೆ ಅಲ್ಟ್ರಾಮರೀನ್ ಸೇರಿಸಿದರೆ ಬರುವ ಮಾಸಲು ಹಸಿರು, ಬಾಡುತ್ತಿರುವ ಹುಲ್ಲಿಗೆ ಹೇಳಿ ಮಾಡಿಸಿದ್ದು. ಕೆಂಪು ಮತ್ತು ನೀಲಿಯಿಂದ ಬರುವ ನೇರಳೆಗೆ ಬಿಳಿ ಸೇರಿಸಿ ದೂರದ ಬೆಟ್ಟ ಬಿಡಿಸಬಹುದು. ಅದೇ ನೇರಳೆಗೆ ಚೂರು ಸಿಯೆನ್ನಾ ಬೆರೆಸಿದರೆ ನೆಲದ ಮೇಲಿನ ನೆರಳಾಗುತ್ತದೆ. ಕಿತ್ತಳೆ ಬಣ್ಣವನ್ನು ಕೊಂಡು ತರುವ ಅಗತ್ಯವೇ ಬರುವುದಿಲ್ಲ.

ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ಓದಲು ಯಾರೂ ಹೇಳಿಕೊಡುವುದಿಲ್ಲ ಎನ್ನುವುದು ನನ್ನ ಇನ್ನೊಂದು ದೂರು. ಹೆಸರಿನ ಕೊನೆಯಲ್ಲಿ ‘ಹ್ಯೂ’ ಎಂದಿದ್ದರೆ, ಆ ಬಣ್ಣದ ಮೂಲ ವರ್ಣದ್ರವ್ಯದ ಬದಲು ಅದನ್ನು ಹೋಲುವ ಬೇರೆ ದ್ರವ್ಯ ಬಳಸಿದ್ದಾರೆ ಎಂದರ್ಥ. ಅದು ಮೋಸವಲ್ಲ, ಕಲಿಯುವವರಿಗೆ ಅಗ್ಗದ ಒಳ್ಳೆಯ ದಾರಿಯೇ. ಆದರೆ ಕ್ಯಾಡ್ಮಿಯಂ ಯೆಲ್ಲೊ ‘ಹ್ಯೂ’ ಆದಾಗ ಅದು ಸಾಮಾನ್ಯವಾಗಿ ಹೆಚ್ಚು ಪಾರದರ್ಶಕವಾಗಿರುತ್ತದೆ, ಮತ್ತು ಶರತ್ಕಾಲದ ಚಿತ್ರದಲ್ಲಿ ಇದೇ ದೊಡ್ಡ ಸಂಗತಿಯಾಗುತ್ತದೆ. ಹಿಂಭಾಗದಲ್ಲಿ ವರ್ಣದ್ರವ್ಯದ ಸಂಕೇತವೂ ಇರುತ್ತದೆ: ಅಲ್ಟ್ರಾಮರೀನ್‌ಗೆ ಪಿಬಿ 29, ಟೈಟೇನಿಯಂ ವೈಟ್‌ಗೆ ಪಿಡಬ್ಲ್ಯು 6. ಒಂದೇ ಸಂಕೇತವಿರುವ ಟ್ಯೂಬ್ ಬೆರಕೆಗೆ ಒಳ್ಳೆಯದು. ಎರಡು ಮೂರು ಸಂಕೇತಗಳಿರುವ ಬಣ್ಣಗಳನ್ನು ಪರಸ್ಪರ ಬೆರೆಸಿದರೆ ಬೇಗ ರಾಡಿಯಾಗುತ್ತವೆ.

ಪಾರದರ್ಶಕತೆಯ ಮಾತು ಎತ್ತಿದ್ದಕ್ಕೆ ಕಾರಣವಿದೆ. ಆರಂಭಿಕರು ನನ್ನ ಬಳಿ ತರುವ ಶರತ್ಕಾಲದ ಚಿತ್ರಗಳಲ್ಲಿ ಅತಿ ಹೆಚ್ಚು ಕಾಣುವ ತೊಡಕು ಇದು: ನೀಲಿ ಆಕಾಶ ಬಳಿದು, ಒಣಗಿದ ಮೇಲೆ ಅದರ ಮೇಲೆ ಹಳದಿ ಎಲೆಗಳನ್ನು ಇಟ್ಟಿರುತ್ತಾರೆ, ಎಲೆಗಳು ಹಳದಿಯಾಗದೆ ಕಾಯಿಹಸಿರಾಗಿ ಕೂತಿರುತ್ತವೆ. ಬಣ್ಣ ಸರಿಯಾಗಿ ಒಣಗಿರಲಿಲ್ಲವೇನೋ, ಕುಂಚ ತೊಳೆದಿರಲಿಲ್ಲವೇನೋ ಎಂದು ಅವರು ಕಾರಣ ಹುಡುಕುತ್ತಾರೆ. ಕಾರಣ ಅದಲ್ಲ. ತೆಳು ಹಳದಿ ಪದರದ ಮೂಲಕ ಕೆಳಗಿನ ನೀಲಿ ಹಾಯ್ದು ಕಾಣುತ್ತಿರುತ್ತದೆ. ಎಷ್ಟು ಹಳದಿ ಬಳಿದರೂ ಹಸಿರಿನ ಛಾಯೆ ಪೂರ್ತಿ ಹೋಗುವುದಿಲ್ಲ. ಪರಿಹಾರ ಬಹಳ ಸರಳ: ಎಲೆಗಳ ಗೊಂಚಲು ಬರಬೇಕಾದ ಜಾಗಕ್ಕೆ ಮೊದಲು ಬಿಳಿಗೆ ಓಕರ್ ಬೆರೆಸಿ ಅಪಾರದರ್ಶಕವಾದ ಒಂದು ಪದರ ಕೊಡಬೇಕು, ಅದು ಒಣಗಿದ ಮೇಲೆ ಶುದ್ಧ ಹಳದಿಯನ್ನು ತೆಳುವಾಗಿ ಎಳೆಯಬೇಕು. ಕೆಳಗಿನ ಬಿಳಿಯಿಂದ ಬೆಳಕು ಮರಳಿ ಬರುವುದರಿಂದ ಆ ಹಳದಿ, ಟ್ಯೂಬಿನಿಂದ ನೇರವಾಗಿ ದಪ್ಪಗೆ ಬಳಿದ ಹಳದಿಗಿಂತ ಹೊಳಪಾಗಿ ಕಾಣುತ್ತದೆ. ಇನ್ನೂ ಒಳ್ಳೆಯ ದಾರಿಯೆಂದರೆ, ಇಡೀ ಕ್ಯಾನ್ವಾಸಿಗೆ ಮೊದಲೇ ನೀರು ಬೆರೆಸಿದ ಬರ್ಂಟ್ ಸಿಯೆನ್ನಾದ ತೆಳು ಲೇಪ ಕೊಟ್ಟು, ಆಕಾಶವನ್ನು ಆಮೇಲೆ ಮರದ ಸುತ್ತಲೂ ತುಂಬುವುದು. ಆಗ ಕುಂಚದ ಹೊಡೆತಗಳ ನಡುವೆ ಅಲ್ಲಲ್ಲಿ ಉಳಿದ ಸಿಯೆನ್ನಾ ಇಣುಕಿ, ಆಕಾಶವನ್ನೂ ಮರವನ್ನೂ ನೆಲವನ್ನೂ ಒಂದೇ ಬೆಳಕಿನಲ್ಲಿ ಹಿಡಿದಿಡುತ್ತದೆ.

ಅಕ್ರಿಲಿಕ್ ಎಂದರೇನು ಎಂದು ಎರಡು ಸಾಲಿನಲ್ಲಾದರೂ ಹೇಳದೆ ಅದನ್ನು ಬಳಸಲು ಕಲಿಸುವುದು ನನಗೆ ಸರಿಕಾಣುವುದಿಲ್ಲ. ಇದು ವರ್ಣದ್ರವ್ಯವನ್ನು ಅಕ್ರಿಲಿಕ್ ಪಾಲಿಮರ್ (ಒಂದು ಬಗೆಯ ಪ್ಲಾಸ್ಟಿಕ್) ಕಣಗಳ ಜೊತೆ ನೀರಿನಲ್ಲಿ ತೇಲಿಬಿಟ್ಟ ಮಿಶ್ರಣ. ನೀರು ಆರಿದಂತೆ ಆ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾದ ಪೊರೆಯಾಗುತ್ತವೆ. ಒಮ್ಮೆ ಪೊರೆಯಾದ ಮೇಲೆ ನೀರಿಗೆ ಅದು ಮತ್ತೆ ಕರಗುವುದಿಲ್ಲ. ಆರಂಭಿಕರಿಗೆ ಇದು ವರವೂ ಹೌದು, ಕಾಟವೂ ಹೌದು. ವರ ಏಕೆಂದರೆ, ತೆಳು ಪದರ ಹತ್ತಿಪ್ಪತ್ತು ನಿಮಿಷದಲ್ಲಿ ಆರುವುದರಿಂದ ಮೆಚ್ಚುಗೆಯಾಗದ ಮರದ ಮೇಲೆ ಅಂದೇ ಇನ್ನೊಂದು ಮರ ಬರೆಯಬಹುದು, ಕೆಳಗಿನದು ಕದಡುವುದಿಲ್ಲ. ಕಾಟ ಏಕೆಂದರೆ, ಆಕಾಶದ ನೀಲಿಯನ್ನು ಬಿಳಿಗೆ ನಯವಾಗಿ ಬೆರೆಸುವಷ್ಟರಲ್ಲೇ ಅಂಚು ಒಣಗಿ ಗೆರೆ ಬೀಳುತ್ತದೆ, ಬಣ್ಣ ಬೆರೆಸುವ ಪ್ಯಾಲೆಟ್ಟಿನ ಮೇಲಿನ ಬಣ್ಣವೂ ಚರ್ಮಗಟ್ಟುತ್ತದೆ. ಅಗಲವಾದ ತಟ್ಟೆಯಲ್ಲಿ ಒದ್ದೆ ಸ್ಪಂಜು ಹರವಿ, ಅದರ ಮೇಲೆ ಬೇಕಿಂಗ್ ಕಾಗದ ಹಾಸಿ, ಬಣ್ಣವನ್ನು ಆ ಕಾಗದದ ಮೇಲಿಟ್ಟುಕೊಂಡರೆ ಕೆಳಗಿನ ತೇವದಿಂದ ಅದು ಗಂಟೆಗಟ್ಟಲೆ ಮೃದುವಾಗಿರುತ್ತದೆ. ಶರತ್ಕಾಲದ ಚಿತ್ರಕ್ಕೆ ಸ್ಪಂಜಿನ ಅತ್ಯುತ್ತಮ ಉಪಯೋಗ ಇದೇ ಎಂಬುದು ನನ್ನ ಅಭಿಪ್ರಾಯ.

ಒಣಗಿದ ಅಕ್ರಿಲಿಕ್ ಹಸಿಯಾಗಿದ್ದಾಗಿನದಕ್ಕಿಂತ ಒಂದಿಷ್ಟು ಗಾಢವಾಗುತ್ತದೆ ಎನ್ನುವುದನ್ನೂ ಪಾಠಗಳು ಹೇಳುವುದಿಲ್ಲ. ಹಸಿಯಾಗಿದ್ದಾಗ ಆ ಮಿಶ್ರಣ ಹಾಲಿನಂತೆ ಮಸುಕಾಗಿರುತ್ತದೆ, ಆರಿದ ಮೇಲೆ ತಿಳಿಯಾಗಿ ವರ್ಣದ್ರವ್ಯದ ನಿಜವಾದ ಬಣ್ಣ ತೋರುತ್ತದೆ. ಕೆಂಪು, ಕಂದು, ನೇರಳೆಗಳಲ್ಲಿ ಈ ವ್ಯತ್ಯಾಸ ಎದ್ದುಕಾಣುತ್ತದೆ. ಬೇಕಾದ ಛಾಯೆಗಿಂತ ತುಸು ತಿಳಿಯಾಗಿ ಬೆರೆಸಿ, ಪಕ್ಕದ ಕಾಗದದ ಚೂರಿನ ಮೇಲೆ ಹಚ್ಚಿ ಒಣಗಿಸಿ ನೋಡಿ ಮುಂದುವರಿಯುವ ಅಭ್ಯಾಸ ಮೊದಲ ದಿನದಿಂದಲೇ ಬರಬೇಕು. ಇನ್ನು ನೀರು: ಬಣ್ಣ ಸಲೀಸಾಗಿ ಹರಿಯಲೆಂದು ವಿಪರೀತ ನೀರು ಸೇರಿಸಿದರೆ ಪಾಲಿಮರ್ ತೆಳುವಾಗಿ ಪೊರೆ ದುರ್ಬಲವಾಗುತ್ತದೆ. ಬಹಳ ತೆಳು ಪದರ ಬೇಕಿದ್ದಲ್ಲಿ ನೀರಿನ ಬದಲು ಅಕ್ರಿಲಿಕ್ ಮೀಡಿಯಂ (ವರ್ಣದ್ರವ್ಯವಿಲ್ಲದ ಅದೇ ಪಾಲಿಮರ್ ದ್ರವ) ಬಳಸುವುದು ಕ್ಷೇಮ.

ಎಲೆಗಳ ವಿಷಯದಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಎಲ್ಲರೂ ಎಡವುವುದು ಅಲ್ಲೇ. ಮರವೆಂದರೆ ಎಲೆಗಳ ಮೊತ್ತ ಎಂದು ಭಾವಿಸಿದ ಕೂಡಲೇ ಕೈ ಚುಕ್ಕೆ ಇಡಲು ಶುರುಮಾಡುತ್ತದೆ. ಅರೆಮುಚ್ಚಿದ ಕಣ್ಣಿಗೆ ಮರ ಕಾಣುವುದು ಬೆಳಕು ಬಿದ್ದ ಕೆಲವು ಗುಪ್ಪೆಗಳಾಗಿ ಮತ್ತು ಅವುಗಳ ಅಡಿಯ ಗಾಢ ಕುಳಿಗಳಾಗಿ. ಮೊದಲು ಆ ಗಾಢ ಜಾಗಗಳನ್ನು ಸಿಯೆನ್ನಾ, ಕೆಂಪು ಮತ್ತು ಸ್ವಲ್ಪ ಅಲ್ಟ್ರಾಮರೀನ್‌ನಿಂದ ಬೆರೆಸಿದ ಮಾಗಿದ ಕಂದುಗೆಂಪಿನಲ್ಲಿ ಇಡೀ ಮರದ ಆಕಾರಕ್ಕೆ ತುಂಬಬೇಕು. ಆಮೇಲೆ ಚಪ್ಪಟೆಯಾದ ಹಂದಿಗೂದಲ ಕುಂಚಕ್ಕೋ ಅದನ್ನು ಹೋಲುವ ಗಡುಸು ಸಿಂಥೆಟಿಕ್ ಕುಂಚಕ್ಕೋ ಮಧ್ಯಮ ಕಿತ್ತಳೆ ಹಚ್ಚಿ, ಬಟ್ಟೆಗೆ ಒರೆಸಿ ಅರೆ ಒಣಗಿಸಿಕೊಂಡು, ಬೆಳಕು ಬರುವ ದಿಕ್ಕಿನ ಗುಪ್ಪೆಗಳ ಮೇಲ್ಭಾಗಕ್ಕೆ ಮಾತ್ರ ಎಳೆಯಬೇಕು. ಕುಂಚವನ್ನು ಪ್ರತಿ ಹೊಡೆತಕ್ಕೂ ಬೇರೆ ಕೋನಕ್ಕೆ ತಿರುಗಿಸುತ್ತಿದ್ದರೆ ಅಂಚುಗಳು ತಾವಾಗಿಯೇ ಎಲೆಯಂತೆ ಒಡೆಯುತ್ತವೆ. ಹಳದಿ ಬರುವುದು ಕಡೆಯಲ್ಲಿ, ಬಿಸಿಲು ನೇರವಾಗಿ ಬಡಿಯುವ ಕೆಲವೇ ಜಾಗಗಳಲ್ಲಿ. ಬಿಡಿ ಎಲೆಗಳು ಮರದ ಹೊರ ಅಂಚಿನಲ್ಲಿ ಅಷ್ಟೋ ಇಷ್ಟೋ ಇದ್ದರೆ ಸಾಕು, ನೋಡುವವರ ಕಣ್ಣು ಉಳಿದದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಬಳಿಕ ಆಕಾಶದ ಬಣ್ಣದಿಂದ ಮರದೊಳಗೆ ಅಲ್ಲಲ್ಲಿ ತೂತುಗಳನ್ನು ತೆರೆಯಬೇಕು. ಆ ತೂತುಗಳ ಬಣ್ಣ ಹೊರಗಿನ ಆಕಾಶಕ್ಕಿಂತ ಒಂದು ಎಳೆ ಗಾಢವಾಗಿರಬೇಕು, ಇಲ್ಲವಾದರೆ ಅವು ಮರದ ಮೇಲೆ ಅಂಟಿಸಿದ ಬಿಳಿ ಚೂರುಗಳಂತೆ ಮುಂದಕ್ಕೆ ಬರುತ್ತವೆ. ಕೊಂಬೆಗಳನ್ನು ಎಳೆಯಬೇಕಾದದ್ದು ಈಗ, ಆ ತೂತುಗಳ ಅಡ್ಡಕ್ಕೆ, ತುಂಡು ತುಂಡಾಗಿ, ತುದಿಗೆ ಹೋದಂತೆ ಸಪೂರವಾಗಿ. ಮೊದಲೇ ಕೊಂಬೆ ಬರೆದು ಆಮೇಲೆ ಎಲೆ ಹಚ್ಚುವ ಕ್ರಮದಲ್ಲಿ ಕೊಂಬೆಗಳು ಮರದ ಮುಂದೆ ಒಂದೇ ಸಮತಲದಲ್ಲಿ ಕೂರುತ್ತವೆ, ಮರಕ್ಕೆ ಒಳಗು ಎನ್ನುವುದೇ ಇರುವುದಿಲ್ಲ.

ದೂರ ಮತ್ತು ಹತ್ತಿರದ ನಿಯಮ ಎಲ್ಲ ನಿಸರ್ಗ ಚಿತ್ರಗಳಿಗೂ ಒಂದೇ. ದೂರ ಹೋದಂತೆ ಬಣ್ಣ ತಿಳಿಯಾಗುತ್ತದೆ, ತಂಪಾಗುತ್ತದೆ, ಬೂದಾಗುತ್ತದೆ; ಮುನ್ನೆಲೆಯಲ್ಲಿ ಉರಿಯುವ ಕಿತ್ತಳೆಯ ಕಾಡೇ ದೂರದ ಇಳಿಜಾರಿನಲ್ಲಿ ಮಸುಕು ಗುಲಾಬಿ ಬೂದಾಗಿ ಕಾಣುತ್ತದೆ. ಉದುರಿದ ಎಲೆಗಳಿಗೂ ಇದೇ ನಿಯಮ: ಕಾಲ ಬಳಿಯವು ದೊಡ್ಡವು, ಒಂದೊಂದೂ ಬೇರೆ, ನಾಲ್ಕು ಹೆಜ್ಜೆ ಆಚೆಗೆ ಅವು ಅಡ್ಡಗೆರೆಗಳಾಗುತ್ತವೆ, ಇನ್ನೂ ಆಚೆಗೆ ಬರೀ ಬಣ್ಣದ ಪಟ್ಟಿ. ಆ ಪಟ್ಟಿಯನ್ನು ಅಡ್ಡಹಾಯುವ ನೇರಳೆ ನೆರಳುಗಳನ್ನು ಬರೆದೊಡನೆ ನೆಲ ಮಲಗುತ್ತದೆ. ನೀರಿನ ಪ್ರತಿಬಿಂಬ ಬೇಕೆಂದವರು ಮರದ ಬಣ್ಣವನ್ನು ಸ್ವಲ್ಪ ಮಂದಗೊಳಿಸಿ ನೇರ ಕೆಳಕ್ಕೆ ಎಳೆದು, ಒಣಗುವ ಮೊದಲೇ ಒದ್ದೆ ಕುಂಚದಿಂದ ಅಡ್ಡಲಾಗಿ ಒಂದೆರಡು ಸಲ ತೀಡಿದರೆ ಆರಂಭಕ್ಕೆ ಅಷ್ಟು ಸಾಕು.

ಸಲಕರಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದಪ್ಪ ಕಾಗದವೋ ಗೆಸ್ಸೊ (ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಬಿಳಿ ಲೇಪ) ಬಳಿದ ಹಲಗೆಯೋ ಆಗುತ್ತದೆ. ಕುಂಚವನ್ನು ಕೆಲಸದ ನಡುವೆ ನೀರಿನಿಂದ ಹೊರಗೆ ಒಣಗಲು ಬಿಡಬಾರದು. ಕೂದಲ ಬುಡದಲ್ಲಿ ಬಣ್ಣ ಒಮ್ಮೆ ಪೊರೆಯಾದರೆ ಆ ಕುಂಚ ಮತ್ತೆ ಮೊದಲಿನಂತಾಗುವುದು ಕಷ್ಟ. ತೊಳೆದ ನೀರಿನ ತಳದಲ್ಲಿ ಕೂತ ಬಣ್ಣವನ್ನು ಚರಂಡಿಗೆ ಸುರಿಯದೆ, ಒಣಗಿಸಿ ಕಸಕ್ಕೆ ಹಾಕಬೇಕು. ಹೊರಗೆ ಕೂತು ಬರೆಯುವವರು ಹವೆಯನ್ನೂ ಗಮನಿಸಬೇಕು: ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಪಾಲಿಮರ್ ಕಣಗಳು ಸರಿಯಾಗಿ ಬೆಸೆಯುವುದಿಲ್ಲ, ಬಣ್ಣ ಒಣಗಿದಂತೆ ಕಂಡರೂ ಆಮೇಲೆ ಬಿರುಕು ಬಿಡಬಹುದು. ಶರತ್ಕಾಲದ ಮುಂಜಾವಿನಲ್ಲಿ ಈ ಎಚ್ಚರ ಬೇಕೇ ಬೇಕು. ಅಂಥ ಹೊತ್ತಿನಲ್ಲಿ ಪೆನ್ಸಿಲಿನಲ್ಲಿ ಛಾಯೆಗಳನ್ನು ಗುರುತಿಸಿಕೊಂಡು, ಬಣ್ಣದ ಟಿಪ್ಪಣಿ ಬರೆದುಕೊಂಡು, ಉಳಿದದ್ದನ್ನು ಒಳಗೆ ಬಂದು ಮಾಡುವುದು ಒಳ್ಳೆಯದು.

ಇಷ್ಟೆಲ್ಲವನ್ನೂ ಒಂದೇ ಪುಟದಲ್ಲಿ ಹಿಡಿಸಲು ಸಾಧ್ಯವೇ ಎಂದು ತಾವು ಕೇಳಬಹುದು. ಸಾಧ್ಯವಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಒಂದು ಮರ, ಒಂದು ಮರಕ್ಕೆ ನಾಲ್ಕು ವಾರ ಎಂಬಂತೆ ಪಾಠವನ್ನು ಹಂಚಬಹುದು: ಒಂದು ವಾರ ಮೂರು ಛಾಯೆಗಳ ಪೆನ್ಸಿಲ್ ಚಿತ್ರ, ಮುಂದಿನ ವಾರ ಎರಡೇ ಟ್ಯೂಬಿನಿಂದ ಬೂದುಗಳ ಬೆರಕೆ, ಆಮೇಲೆ ಮರದ ಗಾಢ ಆಕಾರ, ಬಳಿಕ ಬೆಳಕು. ಪ್ರತಿವಾರ ಮುಗಿದ ಚಿತ್ರ ಕೈಗೆ ಬರುವುದಿಲ್ಲ ಎನ್ನುವುದು ನಿಜ. ಆದರೆ ತಾಳ್ಮೆಯಿಲ್ಲದವರೆಂದು ಆರಂಭಿಕರನ್ನು ಮೊದಲೇ ತೀರ್ಮಾನಿಸಿ ಪಾಠವನ್ನು ಮೊಟಕುಗೊಳಿಸುವುದು ಅವರಿಗೆ ಮಾಡುವ ಅನ್ಯಾಯ. ಎರಡು ಟ್ಯೂಬುಗಳಿಂದ ಸಾಲು ಸಾಲು ಬೂದುಗಳು ಹುಟ್ಟುವುದನ್ನು ಮೊದಲ ಸಲ ಕಂಡವರ ಮುಖದಲ್ಲಿ ಅರಳುವ ಅಚ್ಚರಿ, ಮುಗಿದ ಚಿತ್ರದ ಖುಷಿಗಿಂತ ಕಡಿಮೆಯಲ್ಲ.

ಪತ್ರಿಕೆಯಾಗಿ ತಾವು ಮಾತ್ರ ಮಾಡಬಹುದಾದ ಒಂದು ಕೆಲಸವಿದೆ; ಈ ಪತ್ರ ಬರೆದದ್ದು ಮುಖ್ಯವಾಗಿ ಅದಕ್ಕಾಗಿ. ಪತ್ರಿಕೆಯ ಕಾಗದ ಶಾಯಿಯನ್ನು ಹೀರುತ್ತದೆ, ಅದರ ಬಿಳುಪೂ ಮಾಸಲು. ನೀಲಿ, ಗುಲಾಬಿಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದ ಅಂಥ ಕಾಗದದ ಮೇಲೆ ಉಜ್ವಲ ಕಿತ್ತಳೆಯನ್ನು ಇದ್ದ ಹಾಗೆ ಮುದ್ರಿಸಲು ಆಗುವುದಿಲ್ಲ. ಮುದ್ರಿತ ಬಣ್ಣವನ್ನು ನೋಡಿ ಬೆರೆಸಲು ಹೊರಟ ಓದುಗ ಆದ್ದರಿಂದ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತಾನೆ. ಬೂದಿನ ಛಾಯೆಗಳನ್ನಾದರೋ ಪತ್ರಿಕೆಯ ಮುದ್ರಣ ನಂಬಿಕೆಗೆ ಅರ್ಹವಾಗಿಯೇ ತೋರಿಸಬಲ್ಲದು. ಹಾಗಾಗಿ, ಚಿತ್ರಪಾಠದ ಪ್ರತಿ ಹಂತದ ವರ್ಣಚಿತ್ರದ ಪಕ್ಕದಲ್ಲಿ ಅದೇ ಹಂತದ ಕಪ್ಪು-ಬಿಳುಪು ಪ್ರತಿಯನ್ನೂ, ಚಿಕ್ಕದಾಗಿಯಾದರೂ ಸರಿ, ದಯವಿಟ್ಟು ಮುದ್ರಿಸಿ. ಅದರ ಕೆಳಗೆ ಬಣ್ಣಗಳ ಹೆಸರಿನ ಬದಲು ಬೆರಕೆಯ ವಿವರ ಕೊಡಿ: ಯಾವುದಕ್ಕೆ ಯಾವುದು, ಯಾವುದು ಹೆಚ್ಚು, ಯಾವುದು ಕಡಿಮೆ. ಜಾಗ ಸಾಲದಿದ್ದರೆ ವರ್ಣಚಿತ್ರವನ್ನೇ ಕಿರಿದಾಗಿಸಿ, ಬೂದಿನ ಪ್ರತಿಯನ್ನು ಬಿಡಬೇಡಿ. ಪಾಠ ಬರೆದುಕೊಡುವ ಕಲಾವಿದರಿಗೂ ಈ ಕೋರಿಕೆಯನ್ನು ತಲುಪಿಸಿದರೆ ಉಪಕಾರವಾಗುತ್ತದೆ. ಮುಂದಿನ ಶರತ್ಕಾಲದ ಪಾಠಕ್ಕೆ ಛಾಯೆಗಳ ಮಾದರಿ ಪಟ್ಟಿಯನ್ನು ಸಿದ್ಧಪಡಿಸಿಕೊಡಲು ನಾನು ಸಂತೋಷದಿಂದ ಒಪ್ಪುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಚಿತ್ರಕಲಾ ಶಿಕ್ಷಕಿ